ಗಂಜಿ ಕೇಂದ್ರದಿಂದ ಹೊಸ ಮನೆಯವರೆಗೆ: ನಡುವಿನ ಆ ತಿಂಗಳುಗಳಲ್ಲಿ ಸಂತ್ರಸ್ತರು ಇರುವುದೆಲ್ಲಿ?

2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡ್ ಜಿಲ್ಲೆಯ ಮುಂಡಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಕುಸಿಯಿತು. ಸತ್ತವರ ಸಂಖ್ಯೆ 250 ದಾಟಿತು. ಬದುಕುಳಿದವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟ್‌ನಲ್ಲಿ ಟೌನ್‌ಶಿಪ್ ಕಟ್ಟಲು ಅಡಿಗಲ್ಲು ಹಾಕಿದ್ದು 2025ರ ಮಾರ್ಚ್ 27ರಂದು. ಅಂದರೆ ಅಡಿಗಲ್ಲು ಹಾಕುವ ಹೊತ್ತಿಗೇ ಹೆಚ್ಚುಕಡಿಮೆ ಎಂಟು ತಿಂಗಳು ಕಳೆದಿತ್ತು. ಗೋಡೆ ಏಳಬೇಕು, ಚಾವಣಿ ಬೀಳಬೇಕು, ವಿದ್ಯುತ್ ಸಂಪರ್ಕ ಬರಬೇಕು. ಅದೆಲ್ಲ ಆಮೇಲಿನ ಮಾತು.

ಅಷ್ಟು ದಿನ ಆ ಕುಟುಂಬಗಳು ಎಲ್ಲಿದ್ದವು? ಮೊದಲು ಶಾಲೆಗಳಲ್ಲಿ ತೆರೆದ ಪರಿಹಾರ ಶಿಬಿರಗಳಲ್ಲಿ. ಆಮೇಲೆ ಬಾಡಿಗೆ ಮನೆಗಳಲ್ಲಿ, ಸಂಬಂಧಿಕರ ಮನೆಗಳಲ್ಲಿ. ಬಾಡಿಗೆಗೆಂದು ಕೇರಳ ಸರ್ಕಾರ ತಿಂಗಳಿಗೆ 6,000 ರೂ. ನೆರವು ಘೋಷಿಸಿತು.

ಯಾವುದೇ ವಿಪತ್ತಿನಲ್ಲಿ ಟಿವಿ ಕ್ಯಾಮೆರಾ ತೋರಿಸುವುದು ಮೊದಲ ವಾರವನ್ನು: ದೋಣಿ, ಹೆಲಿಕಾಪ್ಟರ್, ಗಂಜಿ ಕೇಂದ್ರದ ಸಾಲು. ಕೊನೆಗೆ ಪತ್ರಿಕೆಯಲ್ಲಿ ಬರುವುದು ಹೊಸ ಮನೆಯ ಕೀಲಿ ಹಸ್ತಾಂತರದ ಫೋಟೊ. ಇವೆರಡರ ನಡುವೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಇರುತ್ತವೆ. ಮಕ್ಕಳು ಶಾಲೆ ಬಿಡುವುದು, ಹೊಲ ಬೀಳು ಬೀಳುವುದು, ಸಾಲ ಬೆಳೆಯುವುದು, ವೃದ್ಧರು ಹಾಸಿಗೆ ಹಿಡಿಯುವುದು ಹೆಚ್ಚಾಗಿ ಈ ಅವಧಿಯಲ್ಲೇ. ಈ ನಡುವಿನ ಕಾಲದ ನೆಲೆಗೆ ಪರಿಹಾರ ಕ್ಷೇತ್ರದಲ್ಲಿ 'ಮಧ್ಯಂತರ ವಸತಿ' ಎಂಬ ಪ್ರತ್ಯೇಕ ಹೆಸರಿದೆ, ಅದಕ್ಕೆಂದೇ ಮಾರ್ಗಸೂಚಿಗಳೂ ಇವೆ. ಅವು ಏನು ಹೇಳುತ್ತವೆ? ಭಾರತದಲ್ಲಿ ಏನಾಗಿದೆ? ಇಲ್ಲಿದೆ ವಿವರ.

ಮಧ್ಯಂತರ ವಸತಿ ಎಂದರೇನು?

ಸಾಮಾನ್ಯವಾಗಿ ವಿಪತ್ತಿನ ನಂತರದ ವಸತಿಯನ್ನು ಮೂರು ಹಂತಗಳಲ್ಲಿ ನೋಡಲಾಗುತ್ತದೆ. ಮೊದಲನೆಯದು ತುರ್ತು ಆಸರೆ: ಶಾಲೆ, ಸಮುದಾಯ ಭವನ, ಟೆಂಟು, ತಾಡಪಾಲು. ಇದರ ಲೆಕ್ಕ ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ. ಕೊನೆಯದು ಶಾಶ್ವತ ಮನೆ. ಇದರ ಲೆಕ್ಕ ವರ್ಷಗಳಲ್ಲಿ. ಈ ಎರಡರ ನಡುವೆ, ಕುಟುಂಬವೊಂದು ಬಾಗಿಲು ಹಾಕಿಕೊಂಡು ಮಲಗಬಹುದಾದ, ಅಡುಗೆ ಮಾಡಿಕೊಂಡು ಕೆಲಸಕ್ಕೆ ಹೋಗಬಹುದಾದ ನೆಲೆಯೇ ಮಧ್ಯಂತರ ವಸತಿ.

ಟೆಂಟು ಇದಕ್ಕೆ ಸಾಲದು. ಬಿಸಿಲು ಮಳೆಗೆ ಬಟ್ಟೆ ಕೆಲವೇ ತಿಂಗಳಲ್ಲಿ ಜೀರ್ಣವಾಗುತ್ತದೆ. ಶಾಲೆಯೂ ಆಗದು. ಶಾಲೆಯಲ್ಲಿ ಸಂತ್ರಸ್ತರಿದ್ದಷ್ಟು ದಿನ ಆ ಊರಿನ ಎಲ್ಲ ಮಕ್ಕಳ ಪಾಠ ನಿಲ್ಲುತ್ತದೆ. 2018ರ ಪ್ರವಾಹದಲ್ಲಿ ಕೇರಳದ ಪರಿಹಾರ ಶಿಬಿರಗಳಲ್ಲಿ ಒಂದು ಹಂತದಲ್ಲಿ 14 ಲಕ್ಷಕ್ಕೂ ಹೆಚ್ಚು ಜನರಿದ್ದರು. ನೀರು ಇಳಿದ ಮೇಲೆ ಹೆಚ್ಚಿನವರು ಮನೆಗೆ ಮರಳಿ ಕೆಸರು ತೊಳೆದುಕೊಂಡರು. ಮರಳಲು ಮನೆಯೇ ಇಲ್ಲದವರಿಗೆ ಶಿಬಿರ ಮುಚ್ಚುವ ದಿನವೇ ಎರಡನೇ ವಿಪತ್ತು.

2012ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಧ್ಯಂತರ ವಸತಿ ಮಾರ್ಗಸೂಚಿ ಇಂಥ ನೆಲೆಗೆ ಐದು ಗುಣಗಳನ್ನು ಹೇಳುತ್ತದೆ. ಅದನ್ನು ಕ್ರಮೇಣ ಶಾಶ್ವತ ಮನೆಯಾಗಿ ಸುಧಾರಿಸುವಂತಿರಬೇಕು. ಮನೆ ಬಂದ ಮೇಲೆ ಅಂಗಡಿಗೋ ಕೊಟ್ಟಿಗೆಗೋ ಬಳಸುವಂತಿರಬೇಕು. ಬಿಚ್ಚಿ ಬೇರೆ ಜಾಗಕ್ಕೆ ಒಯ್ಯುವಂತಿರಬೇಕು. ಬೇಡವಾದರೆ ಮಾರಿ ಹಣ ಮಾಡಿಕೊಳ್ಳುವಂತಿರಬೇಕು. ಅದರ ಮರ, ತಗಡು, ಬೋಲ್ಟುಗಳು ಹೊಸ ಮನೆಯ ಕಾಮಗಾರಿಗೆ ಒದಗುವಂತಿರಬೇಕು. ಒಟ್ಟಿನಲ್ಲಿ ಇದು ಬಳಸಿ ಎಸೆಯುವ ಶೆಡ್ ಅಲ್ಲ, ಕುಟುಂಬದ ಕೈಯಲ್ಲಿ ಉಳಿಯುವ ಆಸ್ತಿ. ಈ ಒಂದು ವ್ಯತ್ಯಾಸವೇ ಮಧ್ಯಂತರ ವಸತಿಯನ್ನು ಗುತ್ತಿಗೆದಾರರು ಸಾಲಾಗಿ ನಿಲ್ಲಿಸುವ ತಗಡಿನ ಶೆಡ್‌ಗಳಿಂದ ಬೇರೆ ಮಾಡುತ್ತದೆ.

ಈ ಚಿಂತನೆ ಬಂದದ್ದು ಹೇಗೆ?

ವಿಶ್ವಸಂಸ್ಥೆಯ ವಿಪತ್ತು ಪರಿಹಾರ ಕಚೇರಿ 1982ರಲ್ಲಿ ವಿಪತ್ತಿನ ನಂತರದ ಆಸರೆ ಕುರಿತು ಮಾರ್ಗಸೂಚಿ ಹೊರತಂದಿತು. ಅದರ ಮೊದಲ ತತ್ವ ಇಂದಿಗೂ ಈ ಕ್ಷೇತ್ರದ ತಳಹದಿ. ವಿಪತ್ತಿನ ನಂತರ ಆಸರೆ ಕಟ್ಟುವಲ್ಲಿ ಅತಿ ದೊಡ್ಡ ಸಂಪನ್ಮೂಲವೆಂದರೆ ಬದುಕುಳಿದವರೇ, ಅವರ ಬಂಧುಬಳಗವೇ. ಹೊರಗಿನ ನೆರವು ಅವರ ಕೈ ಬಲಪಡಿಸಬೇಕೇ ಹೊರತು ಅವರ ಜಾಗವನ್ನು ತಾನು ಆಕ್ರಮಿಸಬಾರದು ಎಂಬುದು ಅದರ ಸಾರ.

1998ರಲ್ಲಿ ವಿಶ್ವಸಂಸ್ಥೆ ದೇಶದೊಳಗೇ ನೆಲೆ ಕಳೆದುಕೊಂಡವರ ಕುರಿತ ಮಾರ್ಗದರ್ಶಿ ತತ್ವಗಳನ್ನು ರೂಪಿಸಿತು. ಯುದ್ಧ, ಹಿಂಸಾಚಾರದಿಂದ ಓಡಿಬಂದವರ ಜತೆಗೆ ಪ್ರಕೃತಿ ವಿಕೋಪದಿಂದ ನಿರಾಶ್ರಿತರಾದವರೂ ಇದರ ವ್ಯಾಪ್ತಿಗೆ ಬಂದರು. ಅನ್ನ, ನೀರು, ಬಟ್ಟೆ, ಚಿಕಿತ್ಸೆಗಳ ಸಾಲಿನಲ್ಲೇ ಮೂಲಭೂತ ಆಸರೆ ಮತ್ತು ವಸತಿಯನ್ನು ಅದು ಸೇರಿಸಿತು. ಇದೇ ಸುಮಾರಿಗೆ ನೆರವು ಸಂಸ್ಥೆಗಳು ಸೇರಿ 'ಸ್ಫಿಯರ್' ಎಂಬ ಕನಿಷ್ಠ ಮಾನದಂಡಗಳ ಕೈಪಿಡಿ ಸಿದ್ಧಪಡಿಸಿದವು. ಅದರ ಇತ್ತೀಚಿನ ಆವೃತ್ತಿ 2018ರದ್ದು.

ಆದರೆ 'ಮಧ್ಯಂತರ ವಸತಿ' ಎಂಬ ಮಾತು ವ್ಯಾಪಕವಾಗಿ ಬಳಕೆಗೆ ಬಂದದ್ದು 2004ರ ಡಿಸೆಂಬರ್ 26ರ ಸುನಾಮಿಯ ನಂತರ. ಶ್ರೀಲಂಕಾ ಒಂದರಲ್ಲೇ ಇಂಥ 50 ಸಾವಿರಕ್ಕೂ ಹೆಚ್ಚು ನೆಲೆಗಳನ್ನು ನಿರ್ಮಿಸಲಾಯಿತು. ಅಲ್ಲಿ ವಿಳಂಬಕ್ಕೆ ಒಂದು ಮುಖ್ಯ ಕಾರಣ ಜಾಗದ ಗೊಂದಲವಾಗಿತ್ತು. ಸಮುದ್ರ ತೀರದಿಂದ ದಕ್ಷಿಣದಲ್ಲಿ 100 ಮೀಟರ್, ಉತ್ತರ ಮತ್ತು ಪೂರ್ವದಲ್ಲಿ 200 ಮೀಟರ್ ಒಳಗೆ ಮನೆ ಕಟ್ಟುವಂತಿಲ್ಲ ಎಂದು ಸರ್ಕಾರ ನಿಷೇಧ ಹೇರಿತು. ದೋಣಿ ಬಿಟ್ಟು ದೂರ ಹೋಗಲಾರದ ಮೀನುಗಾರರು ಹಳೆಯ ಜಾಗಕ್ಕೆ ಮರಳುವಂತಿಲ್ಲ, ಹೊಸ ಜಾಗ ಸಿಕ್ಕಿಲ್ಲ ಎಂಬ ಸ್ಥಿತಿಯಲ್ಲಿ ಸಿಲುಕಿದರು. ಕೊನೆಗೆ ಈ ನಿಯಮವನ್ನು ಸಡಿಲಿಸಬೇಕಾಯಿತು.

ಒಬ್ಬರಿಗೆ ಎಷ್ಟು ಜಾಗ, ಎಷ್ಟು ನೀರು?

ಭಾರತದಲ್ಲಿ ಈ ಪ್ರಶ್ನೆಗೆ ಕಾನೂನಿನ ಉತ್ತರವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಹಾರದ ಕನಿಷ್ಠ ಮಾನದಂಡಗಳಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಕೊಡಬೇಕು. ರಾಜ್ಯಗಳು ತಮ್ಮದೇ ಮಾನದಂಡ ರೂಪಿಸಬಹುದು, ಆದರೆ ಅವು ರಾಷ್ಟ್ರೀಯ ಕನಿಷ್ಠ ಮಟ್ಟಕ್ಕಿಂತ ಕೆಳಗಿರುವಂತಿಲ್ಲ ಎನ್ನುತ್ತದೆ 19ನೇ ಸೆಕ್ಷನ್.

ಪ್ರಾಧಿಕಾರ ಹೊರಡಿಸಿದ ಈ ಮಾನದಂಡಗಳ ಪ್ರಕಾರ ಪರಿಹಾರ ಕೇಂದ್ರದಲ್ಲಿ:

• ಒಬ್ಬ ವ್ಯಕ್ತಿಗೆ ಕನಿಷ್ಠ 3.5 ಚದರ ಮೀಟರ್ ಚಾವಣಿಯಡಿಯ ಜಾಗ ಇರಬೇಕು.
• ಪ್ರತಿಯೊಬ್ಬರಿಗೂ ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು ಸಿಗಬೇಕು.
• 30 ಜನರಿಗೆ ಒಂದು ಶೌಚಾಲಯ ಇರಬೇಕು. ಮಹಿಳೆಯರು ಮತ್ತು ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕು.
• ಶೌಚಾಲಯ ವಾಸದ ಜಾಗದಿಂದ 50 ಮೀಟರ್‌ಗಿಂತ ದೂರ ಇರಬಾರದು.
• ಊಟದಲ್ಲಿ ವಯಸ್ಕರಿಗೆ ದಿನಕ್ಕೆ 2,400 ಕಿಲೋ ಕ್ಯಾಲೊರಿ ದೊರೆಯಬೇಕು.

3.5 ಚದರ ಮೀಟರ್ ಎಂದರೆ ಸುಮಾರು 38 ಚದರ ಅಡಿ. ಐದು ಜನರ ಕುಟುಂಬಕ್ಕೆ ಸುಮಾರು 188 ಚದರ ಅಡಿ. ಮುಂಬೈನ ಬಿಡಿಡಿ ಚಾಳುಗಳ ಕೋಣೆ 160 ಚದರ ಅಡಿಯದ್ದು. ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಸ್ಫಿಯರ್ ಕೈಪಿಡಿಯಲ್ಲೂ ಇದೇ ಅಳತೆ ಇದೆ. ಆದರೆ ಅಲ್ಲಿ ಅಡುಗೆ, ಸ್ನಾನ, ಶೌಚದ ಜಾಗ ಈ ಲೆಕ್ಕದಲ್ಲಿ ಸೇರುವುದಿಲ್ಲ. ಒಳಗೇ ಅಡುಗೆ ಮಾಡಬೇಕಾದ ಚಳಿ ಪ್ರದೇಶಗಳಲ್ಲಿ ಅಳತೆ 4.5ರಿಂದ 5.5 ಚದರ ಮೀಟರ್‌ಗೆ ಏರುತ್ತದೆ. ಬಿಸಿಲ ನಾಡಿನಲ್ಲಿ ಚಾವಣಿಯ ಎತ್ತರ ಕನಿಷ್ಠ 2.6 ಮೀಟರ್, ಅಂದರೆ ಸುಮಾರು ಎಂಟೂವರೆ ಅಡಿ ಇರಬೇಕು ಎನ್ನುತ್ತದೆ ಆ ಕೈಪಿಡಿ. ಶೆಡ್‌ಗಳ ನಡುವೆ ಕನಿಷ್ಠ 2 ಮೀಟರ್ ಅಂತರ, ಪ್ರತಿ 300 ಮೀಟರ್‌ಗೆ ಬೆಂಕಿ ಹರಡದಂತೆ 30 ಮೀಟರ್ ಖಾಲಿ ಜಾಗ ಬಿಡಬೇಕು ಎಂದೂ ಹೇಳುತ್ತದೆ.

ಕೆಲವು ದಿನಗಳ ಶಿಬಿರಕ್ಕೆ 3 ಲೀಟರ್ ಕುಡಿಯುವ ನೀರು, 30 ಜನರಿಗೊಂದು ಶೌಚಾಲಯ ಸರಿ. ಅದೇ ಲೆಕ್ಕವನ್ನು ಎರಡು ಬೇಸಿಗೆ, ಎರಡು ಮಳೆಗಾಲಕ್ಕೆ ಎಳೆದರೆ ಅದು ಬದುಕಲ್ಲ. ಹಾಗಾಗಿಯೇ 2019ರ ಸೆಪ್ಟೆಂಬರ್‌ನಲ್ಲಿ ಪ್ರಾಧಿಕಾರ ವಿಪತ್ತು ಸಂತ್ರಸ್ತ ಕುಟುಂಬಗಳ ತಾತ್ಕಾಲಿಕ ವಸತಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರತಂದಿತು.

ಎತ್ತರದ ಲೆಕ್ಕ ಏಕೆ ಮುಖ್ಯ?

ಎಂಟೂವರೆ ಅಡಿಯ ಲೆಕ್ಕ ಕಡತದ ಶಿಸ್ತಿನಂತೆ ಕಾಣಬಹುದು. ಅದರ ಹಿಂದಿನ ಕಾರಣ ತಮಿಳುನಾಡಿನ ಕರಾವಳಿಯವರಿಗೆ ಗೊತ್ತು. ಸುನಾಮಿಯ ನಂತರ ನಾಗಪಟ್ಟಣಂ ಮುಂತಾದೆಡೆ ತರಾತುರಿಯಲ್ಲಿ ಡಾಂಬರು ಲೇಪಿತ ಶೀಟುಗಳ ಶೆಡ್‌ಗಳನ್ನು ಸಾಲುಸಾಲಾಗಿ ನಿಲ್ಲಿಸಲಾಯಿತು. ಚಾವಣಿ ತಗ್ಗು, ಬಣ್ಣ ಕಪ್ಪು, ಗಾಳಿಗೆ ದಾರಿ ಕಡಿಮೆ. ಬೇಸಿಗೆ ಬರುತ್ತಲೇ ಹಗಲಲ್ಲಿ ಒಳಗೆ ಕೂರುವುದು ಅಸಾಧ್ಯವಾಯಿತು. ಜನ ಮಕ್ಕಳನ್ನು ಕರೆದುಕೊಂಡು ಹೊರಗೆ ನೆರಳು ಹುಡುಕಿದರು. ಶೀಟಿನ ಮೇಲೆ ಗರಿ ಹೊದಿಸಿ ತಂಪು ಮಾಡುವ ಪ್ರಯತ್ನಗಳೂ ನಡೆದವು. ಅದೇ ವರ್ಷ ಈಶಾನ್ಯ ಮಾರುತದ ಮಳೆಗೆ ತಗ್ಗಿನಲ್ಲಿದ್ದ ಶೆಡ್‌ಗಳಿಗೆ ನೀರು ನುಗ್ಗಿತು.

ಹನ್ನೊಂದು ವರ್ಷ ಮೊದಲು ಮರಾಠವಾಡದಲ್ಲೂ ತಗಡಿನ ಅನುಭವವಾಗಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತ ಭೂಕಂಪವಾಯಿತು. ನಡುಕ ಬೀದರ್, ಕಲಬುರಗಿ ಕಡೆಗೂ ತಟ್ಟಿತ್ತು. ದಪ್ಪ ಕಲ್ಲುಮಣ್ಣಿನ ಗೋಡೆಗಳು ಮಲಗಿದವರ ಮೇಲೆಯೇ ಕುಸಿದಿದ್ದವು. ಬದುಕುಳಿದವರಿಗೆ ಕಲ್ಲಿನ ಗೋಡೆಯೆಂದರೇ ಭಯ. ತಗಡಿನ ಶೆಡ್ ಕಾದರೂ ಕುಸಿದು ಕೊಲ್ಲುವುದಿಲ್ಲ ಎಂಬ ಸಮಾಧಾನ ಅವರಿಗಿತ್ತು. ಆದರೆ 52 ಹಳ್ಳಿಗಳನ್ನು ಬೇರೆಡೆಗೆ ಸ್ಥಳಾಂತರಿಸುವ ನಿರ್ಧಾರದಿಂದಾಗಿ ಹೊಸ ಮನೆಗಳಿಗೆ ವರ್ಷಗಳು ಹಿಡಿದವು. ಮರಾಠವಾಡದ ಬೇಸಿಗೆಗಳನ್ನು ಜನ ತಗಡಿನಡಿಯಲ್ಲೇ ಕಳೆದರು.

ಶೆಡ್ ಒಂದೇ ದಾರಿಯೇ?

ಅಲ್ಲ. ಟಾಮ್ ಕೋರ್ಸೆಲಿಸ್ ಮತ್ತು ಆಂಟೊನೆಲಾ ವಿಟಾಲೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ನೆಲೆ ಕಳೆದುಕೊಂಡವರು ಹಿಡಿಯುವ ಆರು ದಾರಿಗಳನ್ನು ಗುರುತಿಸಿತು. ಬಂಧುಗಳ ಅಥವಾ ಬೇರೆ ಕುಟುಂಬಗಳ ಮನೆಯಲ್ಲಿ ಇರುವುದು, ಹಳ್ಳಿಗಾಡಿನಲ್ಲಿ ತಾವೇ ಎಲ್ಲೋ ನೆಲೆ ಮಾಡಿಕೊಳ್ಳುವುದು, ಪಟ್ಟಣ ಸೇರಿ ಅಲ್ಲಿ ನೆಲೆ ಹುಡುಕುವುದು, ಶಾಲೆ ಮತ್ತು ಭವನಗಳಲ್ಲಿ ಒಟ್ಟಾಗಿ ಇರುವುದು, ತಾವಾಗಿಯೇ ಗುಂಪುಗೂಡಿ ಶಿಬಿರ ಹಾಕಿಕೊಳ್ಳುವುದು, ಸರ್ಕಾರವೋ ಸಂಸ್ಥೆಯೋ ಯೋಜಿಸಿದ ಶಿಬಿರಕ್ಕೆ ಹೋಗುವುದು. ನೆರವಿನ ಹಣ ಹೆಚ್ಚಾಗಿ ಹರಿಯುವುದು ಕೊನೆಯ ದಾರಿಗೆ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಎಣಿಸಲು ಸುಲಭ. ಅಕ್ಕನ ಮನೆಯ ಪಡಸಾಲೆಯಲ್ಲಿ ನಾಲ್ಕು ತಿಂಗಳು ಮಲಗುವ ಕುಟುಂಬ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಅವರನ್ನು ಇಟ್ಟುಕೊಂಡ ಮನೆಯ ಖರ್ಚೂ ಲೆಕ್ಕಕ್ಕೆ ಬರುವುದಿಲ್ಲ.

ಕರ್ನಾಟಕ 2019ರ ಆಗಸ್ಟ್ ಪ್ರವಾಹದ ನಂತರ ಒಂದು ಆಯ್ಕೆ ಮುಂದಿಟ್ಟಿತು. ಮನೆ ಪೂರ್ತಿ ಕಳೆದುಕೊಂಡವರಿಗೆ ಹೊಸ ಮನೆಗೆ 5 ಲಕ್ಷ ರೂ. ನೆರವು. ಅಲ್ಲಿಯವರೆಗೆ ತಿಂಗಳಿಗೆ 5,000 ರೂ.ನಂತೆ 10 ತಿಂಗಳ ಬಾಡಿಗೆ, ಇಲ್ಲವೇ 50,000 ರೂ. ವೆಚ್ಚದ ತಾತ್ಕಾಲಿಕ ಶೆಡ್. ಎರಡರ ಮೊತ್ತವೂ ಒಂದೇ. ಯಾವುದು ಬೇಕೆಂಬ ಆಯ್ಕೆಯನ್ನು ಕುಟುಂಬಕ್ಕೆ ಬಿಡುವುದು ಮಾರ್ಗಸೂಚಿಗಳ ಆಶಯಕ್ಕೆ ಹತ್ತಿರದ ಕ್ರಮ. ಆದರೆ ಹತ್ತು ತಿಂಗಳಲ್ಲಿ ಮನೆ ಮುಗಿಯುತ್ತದೆ ಎಂಬ ಊಹೆ ಅದರೊಳಗಿದೆ. ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಭೂಕುಸಿತಕ್ಕೆ ಮನೆ ಕಳೆದುಕೊಂಡವರಿಗೂ ಬಾಡಿಗೆಯ ನೆರವು ಕೊಡಲಾಗಿತ್ತು. ಜಂಬೂರು, ಮದೆನಾಡಿನಲ್ಲಿ ಹೊಸ ಮನೆಗಳು ಕೈಸೇರಿದ್ದು 2020ರ ಜೂನ್‌ನಲ್ಲಿ, ಹೆಚ್ಚುಕಡಿಮೆ 22 ತಿಂಗಳ ಬಳಿಕ.

ಉತ್ತರಾಖಂಡದ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಬಿರಿದು ಮನೆಗಳು ಸೀಳಿದಾಗ ಆರು ತಿಂಗಳವರೆಗೆ ತಿಂಗಳಿಗೆ 4,000 ರೂ. ಬಾಡಿಗೆ ಘೋಷಣೆಯಾಯಿತು, ಆಮೇಲೆ ಅದನ್ನು 5,000 ರೂ.ಗೆ ಏರಿಸಲಾಯಿತು. ಭೂಕಂಪದಿಂದ ಸುಮಾರು 15 ಲಕ್ಷ ಜನ ನಿರಾಶ್ರಿತರಾದ ಹೈಟಿಯಲ್ಲಿ, 2010ರ ನಂತರದ ವರ್ಷಗಳಲ್ಲಿ ಶಿಬಿರ ಬಿಡುವ ಕುಟುಂಬಕ್ಕೆ ಒಂದು ವರ್ಷದ ಬಾಡಿಗೆಗೆಂದು 500 ಡಾಲರ್ ಕೊಡುವ ಕ್ರಮ ಜಾರಿಗೆ ಬಂತು.

ಬಾಡಿಗೆಗೆ ತನ್ನದೇ ಮಿತಿಯಿದೆ. ಸಣ್ಣ ಊರಿನಲ್ಲಿ ಒಮ್ಮೆಗೇ ನೂರಾರು ಕುಟುಂಬಗಳು ಮನೆ ಹುಡುಕಿದರೆ ಮನೆ ಸಿಗುವುದಿಲ್ಲ, ಸಿಕ್ಕರೆ ಬಾಡಿಗೆ ಏರಿರುತ್ತದೆ. ಪಟ್ಟಣದಲ್ಲಿ ಮನೆ ಸಿಕ್ಕಿತು ಎನ್ನಿ, ಎಮ್ಮೆ ಕಟ್ಟುವುದೆಲ್ಲಿ? ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ರೈತರು ನೀರು ಮನೆಬಾಗಿಲಿಗೆ ಬಂದರೂ ಜಾಗ ಬಿಡಲು ಹಿಂಜರಿಯುವುದು ದನಕರುಗಳ ಕಾರಣಕ್ಕೆ. ಜನರಿಗೆ ಕಾಳಜಿ ಕೇಂದ್ರ ತೆರೆದು ಜಾನುವಾರುಗಳಿಗೆ ಮೇವು, ನೆರಳು ಒದಗಿಸದಿದ್ದರೆ ಯೋಜನೆ ಅರ್ಧವೇ. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯಡಿ ಕಟ್ಟಿದ ಹೊಸ ಬಡಾವಣೆಗಳ ಪೈಕಿ ಕೆಲವೆಡೆ ಮನೆಗಳು ಖಾಲಿ ಉಳಿದದ್ದಕ್ಕೂ ಹೊಲದ ದೂರ, ದನದ ಕೊಟ್ಟಿಗೆಗೆ ಜಾಗವಿಲ್ಲದಿರುವುದು ಕಾರಣಗಳಾಗಿ ಕೇಳಿಬಂದಿದ್ದವು.

ಕಾಗದ ಇಲ್ಲದವರ ಗತಿ

ಪರಿಹಾರದ ಪಟ್ಟಿ ಶುರುವಾಗುವುದು ಪಂಚನಾಮೆಯಿಂದ. ಬಿದ್ದ ಮನೆ ಯಾರ ಹೆಸರಿನಲ್ಲಿದೆ, ಎಷ್ಟು ಹಾನಿಯಾಗಿದೆ ಎಂಬುದರ ಮೇಲೆ ನೆರವು ನಿರ್ಧಾರವಾಗುತ್ತದೆ. ಆದರೆ ಬಿದ್ದ ಮನೆಯಲ್ಲಿ ವಾಸವಿದ್ದವರೆಲ್ಲ ಅದರ ಮಾಲೀಕರಲ್ಲ. ಕೊಡಗಿನ ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರು, ವಯನಾಡಿನ ಎಸ್ಟೇಟ್ 'ಪಾಡಿ'ಗಳಲ್ಲಿ ತಲೆಮಾರುಗಳಿಂದ ಇರುವವರು, ಬಾಡಿಗೆದಾರರು, ಗೋಮಾಳದಲ್ಲಿ ಗುಡಿಸಲು ಕಟ್ಟಿಕೊಂಡವರು, ಗಂಡನ ಹೆಸರಿನ ಮನೆಯಲ್ಲಿರುವ ಪರಿತ್ಯಕ್ತೆಯರು: ಇವರೂ ಮನೆ ಕಳೆದುಕೊಂಡವರೇ. ಇವರ ಬಳಿ ತೋರಿಸಲು ಹಕ್ಕುಪತ್ರ ಇಲ್ಲ.

ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಈ ವಿಚಾರದಲ್ಲಿ ಸ್ಪಷ್ಟವಾಗಿವೆ. ಮಾಲೀಕರು, ಬಾಡಿಗೆದಾರರು, ಯಾವ ಕಾನೂನು ಮಾನ್ಯತೆಯೂ ಇಲ್ಲದೆ ವಾಸವಿದ್ದವರು, ಎಲ್ಲರನ್ನೂ ಬೇರೆ ಬೇರೆ ಗುಂಪುಗಳಾಗಿ ಎಣಿಸಬೇಕು ಮತ್ತು ಪ್ರತಿ ಗುಂಪಿಗೂ ದಾರಿ ಇರಬೇಕು. ಮಧ್ಯಂತರ ವಸತಿ ಬಿಚ್ಚಿ ಒಯ್ಯುವಂತಿರಬೇಕು ಎಂಬ ಗುಣಕ್ಕೆ ಇಲ್ಲಿ ಅರ್ಥ ಬರುತ್ತದೆ. ಸ್ವಂತ ಜಾಗವಿಲ್ಲದವರಿಗೂ ಶೆಡ್‌ನ ಸಾಮಗ್ರಿ ಸ್ವಂತದ್ದಾಗಿದ್ದರೆ, ನಾಳೆ ಎಲ್ಲಿ ಜಾಗ ಸಿಕ್ಕರೂ ಅದು ಅವರ ಜತೆ ಹೋಗುತ್ತದೆ.

ತಾತ್ಕಾಲಿಕವೇ ದೀರ್ಘವಾದಾಗ

ಹಣ, ತಂತ್ರಜ್ಞಾನ ಎರಡೂ ಇರುವ ಜಪಾನ್ ಕೂಡ ಇಲ್ಲಿ ಎಡವಿತ್ತು. 1995ರ ಜನವರಿ 17ರ ಕೋಬೆ ಭೂಕಂಪದ ನಂತರ ಅಲ್ಲಿ 48 ಸಾವಿರಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಲಾಯಿತು. ಎರಡು ವರ್ಷಕ್ಕೆಂದು ಕಟ್ಟಿದ ಆ ಮನೆಗಳಿಂದ ಕೊನೆಯ ಕುಟುಂಬ ಹೊರಬಿದ್ದದ್ದು ಐದು ವರ್ಷದ ಬಳಿಕ.

ಕಟ್ಟಡಗಳಲ್ಲಿ ದೋಷವಿರಲಿಲ್ಲ. ವೃದ್ಧರು, ಅಂಗವಿಕಲರಿಗೆ ಆದ್ಯತೆ ಕೊಟ್ಟು ಲಾಟರಿ ಮೂಲಕ ಮನೆ ಹಂಚಲಾಗಿತ್ತು. ಉದ್ದೇಶ ನ್ಯಾಯವೇ. ಆದರೆ ಹಳೆಯ ನೆರೆಹೊರೆ ಚದುರಿತು. ಪಕ್ಕದ ಮನೆಯವರು ಯಾರೆಂದೇ ತಿಳಿಯದ ಊರಾಚೆಯ ಬಡಾವಣೆಗಳಲ್ಲಿ ಒಂಟಿ ವೃದ್ಧರು ಉಳಿದರು. ಯಾರ ಗಮನಕ್ಕೂ ಬಾರದೆ ಒಂಟಿಯಾಗಿ ಸತ್ತವರ ಸಂಖ್ಯೆ 200 ದಾಟಿತು. ಈ ಪಾಠದಿಂದ 2004ರಲ್ಲಿ ನಿಗಾಟಾ ಪ್ರಾಂತ್ಯದಲ್ಲಿ ಭೂಕಂಪವಾದಾಗ ಯಮಾಕೋಶಿ ಗ್ರಾಮದವರನ್ನು ಕೇರಿ ಕೇರಿಯಾಗಿಯೇ ಒಟ್ಟಿಗೆ ಇರಿಸಲಾಯಿತು. ಅದೇ ಜನ, ಅದೇ ನೆರೆಹೊರೆ. ವಿಳಾಸ ಮಾತ್ರ ಬೇರೆ.

ಹಣ ಎರಡು ಸಲ ಖರ್ಚಾಗುವುದಿಲ್ಲವೇ?

ಮಧ್ಯಂತರ ವಸತಿಗೆ ಇರುವ ಮುಖ್ಯ ಆಕ್ಷೇಪ ಇದು. ಇದ್ದ ಹಣವನ್ನೆಲ್ಲ ಶೆಡ್‌ಗೆ ಸುರಿದರೆ ಮನೆಗೆ ಏನುಳಿಯುತ್ತದೆ? ಶೆಡ್ ಕೊಟ್ಟ ಮೇಲೆ ಸರ್ಕಾರ ಮನೆಯನ್ನು ಮರೆತರೆ? ಆಕ್ಷೇಪದಲ್ಲಿ ಹುರುಳಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ನಿಯಮದಲ್ಲಿ ಪೂರ್ತಿ ಹಾನಿಯಾದ ಮನೆಗೆ ಇರುವುದು ಬಯಲು ಪ್ರದೇಶದಲ್ಲಿ 1.20 ಲಕ್ಷ ರೂ., ಗುಡ್ಡಗಾಡಿನಲ್ಲಿ 1.30 ಲಕ್ಷ ರೂ. ಅದಕ್ಕಿಂತ ಹೆಚ್ಚು ಕೊಡಬೇಕಾದರೆ ರಾಜ್ಯ ತನ್ನ ಬೊಕ್ಕಸ ನೋಡಬೇಕು. ಇಂಥಲ್ಲಿ ಬಳಸಿ ಎಸೆಯುವ ಶೆಡ್‌ಗೆ ಹಣ ಹಾಕುವುದು ನಷ್ಟವೇ.

ಉತ್ತರವೂ ಅನುಭವದಲ್ಲೇ ಇದೆ. 2015ರ ಏಪ್ರಿಲ್ 25ರ ಭೂಕಂಪದ ನಂತರ ನೇಪಾಳಕ್ಕೆ ಮಳೆಗಾಲಕ್ಕೆ ಉಳಿದದ್ದು ಕೆಲವೇ ವಾರ. ಅಲ್ಲಿನ ಸರ್ಕಾರ ತಾತ್ಕಾಲಿಕ ಆಸರೆಗೆ ಪ್ರತಿ ಕುಟುಂಬಕ್ಕೆ 15,000 ನೇಪಾಳಿ ರೂಪಾಯಿ ಕೊಟ್ಟಿತು. ಅದನ್ನು ಮುಖ್ಯವಾಗಿ ಚಾವಣಿಯ ತಗಡಿಗೆಂದು ಕೊಟ್ಟದ್ದು. ಜನ ಬಿದ್ದ ಮನೆಯ ಮರ, ಬಿದಿರು ಆಯ್ದು ಅದರ ಮೇಲೆ ತಗಡು ಹೊದಿಸಿದರು. ಶಾಶ್ವತ ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಕಂತುಗಳಲ್ಲಿ ಬಂದಾಗ ಅದೇ ತಗಡು ಹೊಸ ಮನೆಯ ಮಾಡಿಗೋ, ಕೊಟ್ಟಿಗೆಗೋ ಒದಗುವಂತಿತ್ತು.

ಗುಜರಾತ್‌ನ ದಾರಿ ಇನ್ನೊಂದು. 2001ರ ಜನವರಿ 26ರ ಕಛ್ ಭೂಕಂಪದ ಬೆನ್ನಲ್ಲೇ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಗುತ್ತಿಗೆದಾರರಿಗೆ ಒಪ್ಪಿಸುವ ಬದಲು ಮನೆಯ ಮಾಲೀಕರ ಖಾತೆಗೆ ಕಂತುಗಳಲ್ಲಿ ಹಣ ಹಾಕಿ, ಭೂಕಂಪ ತಾಳುವ ವಿಧಾನ ಪಾಲಿಸಿದ್ದಾರೆಯೇ ಎಂದು ಎಂಜಿನಿಯರ್‌ಗಳು ಪರೀಕ್ಷಿಸುವ ಪದ್ಧತಿ ಬಂತು. ಹೀಗೆ 2 ಲಕ್ಷದಷ್ಟು ಮನೆಗಳು ಮರುನಿರ್ಮಾಣವಾದವು. ಸ್ವಂತ ಜಾಗದಲ್ಲಿ ಬೇಗ ಮನೆ ಕಟ್ಟಲು ಸಾಧ್ಯವಿದ್ದವರಿಗೆ ನಡುವಿನ ಹಂತವನ್ನು ಚಿಕ್ಕದಾಗಿಸುವುದೇ ಜಾಣತನ. ಗುಡ್ಡವೇ ಕುಸಿದ ಕೊಡಗು, ವಯನಾಡಿನಂಥ ಕಡೆ ಹಳೆಯ ಜಾಗವೇ ಉಳಿದಿರುವುದಿಲ್ಲ. ಅಲ್ಲಿ ನಡುವಿನ ಹಂತ ಉದ್ದವಾಗಿಯೇ ಇರುತ್ತದೆ, ಅದನ್ನು ಒಪ್ಪಿಕೊಂಡೇ ಯೋಜಿಸಬೇಕು.

ಮಳೆಗೂ ಮೊದಲೇ ಸಿದ್ಧವಾಗಬೇಕಾದ ಪಟ್ಟಿ

ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ವಿಪತ್ತು ನಿರ್ವಹಣಾ ಯೋಜನೆ ಇರಬೇಕು. ಅದರಲ್ಲಿ ಕಾಳಜಿ ಕೇಂದ್ರಗಳ ಪಟ್ಟಿ, ದೋಣಿಗಳ ಪಟ್ಟಿ, ಅಧಿಕಾರಿಗಳ ಫೋನ್ ನಂಬರ್ ಇರುವುದು ಸಾಮಾನ್ಯ. ಮಾರ್ಗಸೂಚಿಗಳ ಮತ್ತು ಹಿಂದಿನ ವಿಪತ್ತುಗಳ ಅನುಭವದ ಬೆಳಕಿನಲ್ಲಿ ನೋಡಿದರೆ ಇನ್ನೂ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬೇಕು.

ಜಾಗ ಯಾವುದು? ನೀರು ನಿಲ್ಲದ, ಹೊಲಕ್ಕೂ ಶಾಲೆಗೂ ಹತ್ತಿರದ ಸರ್ಕಾರಿ ಜಾಗವನ್ನು ಸರ್ವೆ ನಂಬರ್ ಸಮೇತ ಮೊದಲೇ ಗುರುತಿಸಿರಬೇಕು. ವಿಪತ್ತಿನ ಮಾರನೆಯ ದಿನ ಜಾಗ ಹುಡುಕಲು ಹೊರಟರೆ ಸಿಗುವುದು ಯಾರಿಗೂ ಬೇಡದ ತಗ್ಗು ಜಾಗವೇ.

ಸಾಮಗ್ರಿ ಯಾವುದು? ಸ್ಥಳೀಯವಾಗಿ ಸಿಗುವ, ಸ್ಥಳೀಯ ಬಡಗಿಗೆ ಗೊತ್ತಿರುವ ವಸ್ತುವಿನ ನಕ್ಷೆ ಮತ್ತು ದರಪಟ್ಟಿ ತಯಾರಿರಬೇಕು. ವಿಜಯಪುರದ ಬಿಸಿಲಿಗೂ ಮಡಿಕೇರಿಯ ಮಳೆಗೂ ಒಂದೇ ನಕ್ಷೆ ಆಗದು.

ಯಾರನ್ನು ಎಣಿಸುತ್ತಾರೆ? ಬಾಡಿಗೆದಾರರು, ಲೈನ್ ಮನೆಯವರು, ಬಂಧುಗಳ ಮನೆ ಸೇರಿದವರು ಪಟ್ಟಿಯಲ್ಲಿದ್ದಾರೆಯೇ?

ನೆರೆಹೊರೆ ಒಟ್ಟಿಗೆ ಉಳಿಯುತ್ತದೆಯೇ? ಹಂಚಿಕೆ ಲಾಟರಿಯಿಂದಲೋ, ಓಣಿ ಓಣಿಯಾಗಿಯೋ?

ಮುಗಿಯುವುದು ಯಾವಾಗ? ಬಾಡಿಗೆ ನೆರವಿನ ಅವಧಿ ಮನೆಯ ಕಾಮಗಾರಿಗೆ ಜೋಡಣೆಯಾಗಿರಬೇಕು. ಮನೆ ಅರ್ಧದಲ್ಲಿರುವಾಗ ಬಾಡಿಗೆ ನಿಲ್ಲಬಾರದು.

ಹೊರನಾಡಿನ ಕನ್ನಡಿಗರಿಗೂ ಇಲ್ಲಿ ಒಂದು ಮಾತಿದೆ. ಊರಲ್ಲಿ ನೆರೆ ಬಂದಾಗ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಸಂಘಗಳು, ಗೆಳೆಯರ ಬಳಗಗಳು ಕಂಬಳಿ, ಅಕ್ಕಿ, ಬಟ್ಟೆ ಕಟ್ಟಿ ಕಳುಹಿಸುವುದು ರೂಢಿ. ಮೊದಲ ವಾರದಲ್ಲಿ ಅದಕ್ಕೆ ಬೆಲೆಯಿದೆ. ಆದರೆ ಲಾರಿಗಳು ಬಂದು ಹೋದ ಮೇಲೆ, ಗಂಜಿ ಕೇಂದ್ರ ಮುಚ್ಚಿದ ಮೇಲೆ, ಮೂರನೇ ತಿಂಗಳಲ್ಲಿ ಬೇಕಾಗುವುದು ಬಾಡಿಗೆಯ ಹಣ, ಚಾವಣಿಯ ತಗಡು, ಮಕ್ಕಳ ಬಸ್ ಪಾಸು. ಸಂಗ್ರಹಿಸಿದ್ದರಲ್ಲಿ ಒಂದು ಪಾಲನ್ನು ಆ ತಿಂಗಳಿಗೆಂದು ತೆಗೆದಿಟ್ಟು, ಊರಿನ ಪಂಚಾಯಿತಿಯನ್ನು ಕೇಳಿ ಕಳುಹಿಸಿದರೆ ಅದು ತಲುಪಬೇಕಾದ ಹೊತ್ತಿಗೆ ತಲುಪುತ್ತದೆ.